ಕುಂಕುಮ ಕೊಟ್ಟ ಕೈ

ರಾಜೀವನಗರದಲ್ಲಿರುವ ಚೆಲುವಯ್ಯನವರ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಒಮ್ಮೆ ಹೋದವರು ಅವರ ಒಂದು ಅಭ್ಯಾಸವನ್ನು ಮರೆಯುವುದಿಲ್ಲ. ಬಕೆಟ್ಟಿರಲಿ, ಚೊಂಬಿರಲಿ, ಕಸಪೊರಕೆಯಿರಲಿ, ಅವರು ಎಲ್ಲವನ್ನೂ ಬಲಗೈಯಲ್ಲೇ ಕೊಡುತ್ತಾರೆ. ಎಡಗೈ ಬೆನ್ನ ಹಿಂದೆ ಮಡಿಸಿಕೊಂಡು ಸೊಂಟದ ಮೇಲೆ ಕುಳಿತಿರುತ್ತದೆ. ನೀರು ತುಂಬುವ ದೊಡ್ಡ ಡ್ರಮ್ಮನ್ನು ಎತ್ತಿಕೊಡಬೇಕಾದಾಗಲೂ, “ಆ ಕಡೆ ಒಂಚೂರು ಹಿಡ್ಕೊಳ್ಳಿ ಸ್ವಾಮಿ” ಎಂದು ಗಿರಾಕಿಯನ್ನೇ ಕರೆದು, ತಾವು ಒಂದೇ ಕೈ ಹಾಕುತ್ತಾರೆ. ಹೊಸಬರು ಪಾಪ, ಕೈಗೆ ಏನೋ ಆಗಿರಬೇಕು ಎಂದು ಮರುಗುತ್ತಾರೆ. ಹಳಬರು ನಗುತ್ತಾರೆ.

ಅವರ ಹೆಂಡತಿ ಯಶೋಧಮ್ಮನಿಗೆ ಅದು ಮದುವೆಯಾದಂದಿನಿಂದ ತಮಾಷೆಯ ವಸ್ತು. “ನಮ್ಮ ಮದುವೇಲಿ ಇವರು ತಾಳಿ ಕಟ್ಟೋಕೂ ಒಂದೇ ಕೈ ಸಾಕು ಅಂತ ನಿಂತಿದ್ರು ಕಣ್ರೀ. ಪುರೋಹಿತರು ಬೈದು ಇನ್ನೊಂದು ಕೈ ಈಚೆಗೆ ತೆಗೆಸಿದ್ರು. ಇಲ್ಲದಿದ್ರೆ ನಾನು ಇವತ್ತಿಗೂ ಕನ್ಯೆಯಾಗೇ ಇರ್ತಿದ್ದೆ!” ಎಂದು ಅವರು ನೆರೆಯವರ ಮುಂದೆ ಹೇಳಿದರೆ, ಚೆಲುವಯ್ಯನವರು ತಲೆ ತಗ್ಗಿಸಿಕೊಂಡು ಬಕೆಟ್ಟುಗಳನ್ನು ಒಂದರೊಳಗೊಂದು ಜೋಡಿಸುತ್ತ ಕೂರುತ್ತಾರೆ.

ಆ ಅಂಗಡಿಯಲ್ಲಿ ಬಾಚಣಿಗೆ, ಸೋಪಿನ ಡಬ್ಬಿ, ಮಕ್ಕಳ ಚೆಂಡು ಎಲ್ಲವೂ ಉಂಟು. ಅರಿಶಿನ ಕುಂಕುಮ ಮಾತ್ರ ಇಲ್ಲ. ಗೌರಿ ಹಬ್ಬದ ಹೊತ್ತಿಗೆ ಬೀದಿಯ ಹೆಂಗಸರು, “ನಾಲ್ಕು ಪೊಟ್ಟಣ ಕುಂಕುಮ ಇಟ್ಕೊಳ್ಳಿ ಚೆಲುವಯ್ಯನೋರೇ, ನಾವು ಮಾರ್ಕೆಟ್ಟಿಗೆ ಹೋಗೋದು ತಪ್ಪುತ್ತೆ” ಎಂದು ಕೇಳುವುದುಂಟು. ಅವರ ಉತ್ತರ ಪ್ರತಿ ವರ್ಷವೂ ಒಂದೇ. “ಬ್ಯಾಡ ಕಣಮ್ಮ. ಬಕೆಟ್ಟು ಯಾವ ಕೈಲಿ ಕೊಟ್ರೂ ಬಕೆಟ್ಟೇ. ಅದು ಅಂಗಲ್ಲ.”

ಒಂದು ಕಾಲದಲ್ಲಿ ಇದೇ ಚೆಲುವಯ್ಯ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮವನ್ನೇ ಮಾರುತ್ತಿದ್ದರು. ವರುಣದ ಕಡೆಯ ಹಳ್ಳಿಯಿಂದ ಬಂದು, ಸೋದರಮಾವ ಚಾಮಯ್ಯನ ಅಂಗಡಿಯಲ್ಲಿ ಕೂತ ಹುಡುಗ ಅವರು. ಬೆಳಗ್ಗೆ ಅಂಗಡಿ ತೆರೆದೊಡನೆ ಕುಂಕುಮವನ್ನು ಜರಡಿ ಹಿಡಿದು, ತಟ್ಟೆಯ ಮೇಲೆ ಸುರಿದು, ತಗಡಿನ ಚೂರಿನಿಂದ ಸವರುತ್ತ ಸವರುತ್ತ ಗೋಪುರ ಏರಿಸುವುದು ಅವರ ಕೆಲಸ. ಕೆಂಪು, ಕಡುಗೆಂಪು, ಹಳದಿ, ನೇರಳೆ, ಹಸಿರು, ಹೀಗೆ ಸಾಲಾಗಿ ಗೋಪುರಗಳು. ಮೇಲಿನ ತುದಿ ಸೂಜಿಯ ಮೊನೆಯಂತೆ ನಿಲ್ಲಬೇಕು. ಪಕ್ಕದಲ್ಲಿ ಯಾರಾದರೂ ಸೀನಿದರೆ ಕುಸಿಯಬಾರದು. “ನನ್ನ ಅಂಗಡಿಗೆ ಬರೋ ಹೆಂಗಸರು ಕುಂಕುಮ ನೋಡೋಕೆ ಬರ್ತಾರೋ, ನಿನ್ನ ಗೋಪುರ ನೋಡೋಕೆ ಬರ್ತಾರೋ” ಎಂದು ಚಾಮಯ್ಯ ಹೆಮ್ಮೆಪಡುತ್ತಿದ್ದ. ತನ್ನ ನಂತರ ಅಂಗಡಿ ಚೆಲುವನಿಗೇ ಎಂದು ನಾಲ್ಕು ಜನರ ಮುಂದೆ ಹೇಳಿಯೂ ಇದ್ದ.

ಆ ದಿನಗಳಲ್ಲೇ ಅಭಿರಾಮ ಎಂಬ ಫೋಟೋಗ್ರಾಫರ್ ಊರಿನ ಬಣ್ಣಗಳ ಮೇಲೆ ಪುಸ್ತಕ ಮಾಡಬೇಕೆಂದು ಹೊರಟಿದ್ದರು. ಮುಂಜಾನೆಯ ಚಾಮುಂಡಿ ಬೆಟ್ಟ, ಟಾಂಗಾದ ಕೆಂಪು ಗಾಲಿ, ಒಣಹಾಕಿದ ಸೀರೆಗಳು, ವೀಳ್ಯದೆಲೆಯ ಕಟ್ಟು, ಹೀಗೆ ಕಂಡದ್ದನ್ನೆಲ್ಲ ಹಿಡಿಯುತ್ತಿದ್ದರು. ಗೌರಿ ಹಬ್ಬದ ವಾರದಲ್ಲಿ ಅವರು ಚಾಮಯ್ಯನ ಅಂಗಡಿಯ ಎದುರು ಈರುಳ್ಳಿ ಮೂಟೆಯ ಮೇಲೆ ಕ್ಯಾಮರಾ ಹಿಡಿದು ಕೂತರು. “ನನ್ನ ಕಡೆ ನೋಡಬೇಡಪ್ಪ, ನಿನ್ನ ಪಾಡಿಗೆ ನೀನು ವ್ಯಾಪಾರ ಮಾಡು” ಎಂದರು. ಚೆಲುವ ಮೊದಲು ನಾಚಿದ. ಆಮೇಲೆ ಹಬ್ಬದ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅವರನ್ನು ಮರೆತೇಬಿಟ್ಟ.

ಮುಂದಿನ ವರ್ಷ ಪುಸ್ತಕ ಬಂತು. ಹೊರದೇಶದ ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದ, ಎರಡು ಕೈಯಲ್ಲಿ ಎತ್ತಬೇಕಾದ ದೊಡ್ಡ ಪುಸ್ತಕ. ಮಾರುಕಟ್ಟೆಯವರು ಅದನ್ನು ‘ಬಣ್ಣದ ಪುಸ್ತಕ’ ಎಂದೇ ಕರೆದರು. ಅದರ ನಟ್ಟನಡುವಿನ ಪುಟದಲ್ಲಿ ಚೆಲುವ! ಕುಂಕುಮದ ಗೋಪುರಗಳ ಹಿಂದೆ ಬನಿಯನ್ ತೊಟ್ಟು ಕುಳಿತ ಅವನು ಮುಂದಕ್ಕೆ ಬಾಗಿ ಪೊಟ್ಟಣ ನೀಡುತ್ತಿದ್ದಾನೆ. ಇತ್ತ ಕಡೆಯಿಂದ ಹಸಿರು ಬಳೆಯ ಎರಡು ಬೊಗಸೆಗೈಗಳು ಅದನ್ನು ತೆಗೆದುಕೊಳ್ಳುತ್ತಿವೆ. ಹೆಂಗಸಿನ ಮುಖವಿಲ್ಲ, ಕೈ ಮಾತ್ರ. ಕೆಂಪು ಎಂದರೆ ಅಂಥ ಕೆಂಪನ್ನು ಜನ ಕಾಗದದ ಮೇಲೆ ಅದುವರೆಗೆ ಕಂಡಿರಲಿಲ್ಲ. ಅಭಿರಾಮ ಒಂದು ಪ್ರತಿಯನ್ನು ಅಂಗಡಿಗೇ ಕೊಟ್ಟರು. ಚಾಮಯ್ಯ ಅದನ್ನು ಆ ಪುಟಕ್ಕೆ ಬಿಡಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ತೋರಿಸಿದ. ಎಷ್ಟೋ ಜನ ನೋಡಿದರು, ಹೊಗಳಿದರು. ಯಾರಿಗೂ ಏನೂ ಕಾಣಲಿಲ್ಲ.

ಕಂಡದ್ದು ಲಕ್ಷ್ಮೀಪುರಂನ ದೇವೀರಮ್ಮನಿಗೆ. ಆಕೆ ಅಂಗಡಿಯ ಹಳೆಯ ಗಿರಾಕಿ. ಹಿಂದಿನ ಗೌರಿ ಹಬ್ಬಕ್ಕೆ ಹೊಸ ಸೊಸೆ ಅಂಬುಜಳನ್ನು ಕರೆದುಕೊಂಡು ಬಂದು, ಆಕೆಯ ಕೈಗೇ ಕುಂಕುಮ ಕೊಡಿಸಿದ್ದರು. ಆ ಚಳಿಗಾಲದಲ್ಲಿ ಮಗ ಜ್ವರದಲ್ಲಿ ಮಲಗಿದವನು ಏಳಲಿಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅದಾದ ಮೇಲೆ ಮೊದಲ ಬಾರಿ ಮಾರುಕಟ್ಟೆಗೆ ಬಂದ ದೇವೀರಮ್ಮ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು. ಹಸಿರು ಬಳೆಗಳ ನಡುವೆ ಒಂದೇ ಒಂದು ಚಿನ್ನದ ಬಳೆ. ಮಗ ಮಾಡಿಸಿಕೊಟ್ಟದ್ದು. ಗುರುತು ಹತ್ತಿತು.

“ಇದು ನಮ್ಮ ಅಂಬುಜನ ಕೈ” ಎಂದರು. ಆಮೇಲೆ ಅವರ ಕಣ್ಣು ಪೊಟ್ಟಣ ಹಿಡಿದ ಕೈಗೆ ಹೋಯಿತು. ಮಾರುಕಟ್ಟೆಯೇ ತಿರುಗಿ ನೋಡುವಂತೆ ಕೂಗಿದರು. “ಅಯ್ಯೋ ಪಾಪಿ! ಎಡಗೈಲಿ ಕೊಟ್ಟಿದ್ದೀಯಲ್ಲೋ! ಹೊಸ ಮುತ್ತೈದೆಗೆ, ಗೌರಿ ಹಬ್ಬದ ಕುಂಕುಮಾನ ಎಡಗೈಲಿ ಕೊಟ್ಟುಬುಟ್ಟಿದ್ದೀಯಲ್ಲೋ!”

ಜನ ಸೇರಿದರು. ಎಲ್ಲರೂ ಬಗ್ಗಿ ನೋಡಿದರು. ಹೌದು, ಎಡಗೈ. ಅಷ್ಟು ದಿನ ನೋಡಿದವರಿಗೂ ಈಗ ಅದೊಂದೇ ಕಾಣತೊಡಗಿತು. ಚಾಮಯ್ಯ ಕೇಳಿದ, “ಯಾವ ಕೈಲಿ ಕೊಟ್ಟೆಯೋ ಚೆಲುವ?”

ಚೆಲುವ ತನ್ನ ಕೈಗಳನ್ನು ನೋಡಿಕೊಂಡ. ದಿನಕ್ಕೆ ನೂರಾರು ಪೊಟ್ಟಣ ಕೊಡುವವನಿಗೆ ಒಂದು ಪೊಟ್ಟಣದ ನೆನಪೆಲ್ಲಿಂದ ಬರಬೇಕು? ಬಲಗೈಯಲ್ಲೇ ಕೊಡುತ್ತಿದ್ದೆನೆಂದು ಅವನ ಮನಸ್ಸು ಹೇಳುತ್ತಿತ್ತು. ಆದರೆ ಪುಸ್ತಕ ಎದುರಿಗೇ ಇತ್ತು. ಫೋಟೋ ಸುಳ್ಳು ಹೇಳುತ್ತದೆಯೆ?

“ಗೊತ್ತಿಲ್ಲ ಮಾವ” ಎಂದ.

ಆ ಒಂದು ಮಾತಿನಿಂದ ಅವನ ಬದುಕು ಬೇರೆ ದಾರಿ ಹಿಡಿಯಿತು. ಹೆಂಗಸರು ಅವನ ಕೈಯಿಂದ ಕುಂಕುಮ ತೆಗೆದುಕೊಳ್ಳಲು ಹಿಂಜರಿದರು. ಹುಡುಗರು ‘ಎಡಚ’ ಎಂದು ಹೆಸರಿಟ್ಟರು. ಚಾಮಯ್ಯ ಕೆಟ್ಟವನಲ್ಲ, “ನನಗೇನಿಲ್ಲಪ್ಪ, ಗಿರಾಕಿ ಒಪ್ಪಬೇಕಲ್ಲ” ಎಂದು ಅವನನ್ನು ಹಿಂದಿನ ಕತ್ತಲೆ ಕೋಣೆಗೆ, ಅರಿಶಿನದ ಕೊಂಬು ಕುಟ್ಟುವ ಕೆಲಸಕ್ಕೆ ಹಾಕಿದ. ಎರಡು ಮಳೆಗಾಲ ಅಲ್ಲಿ ಕಳೆದು, ಕೊನೆಗೆ ಚೆಲುವ ತಾನಾಗಿಯೇ ಹೊರಟ. ಗೋಪುರ ಕಟ್ಟುವ ತಗಡಿನ ಚೂರನ್ನು ಅಲ್ಲೇ ಬಿಟ್ಟ. ಅಂಗಡಿ ಮುಂದೆ ಬೇರೆಯವರ ಪಾಲಾಯಿತು. ಎಡಗೈ ಬೆನ್ನ ಹಿಂದೆ ಹೋದದ್ದು ಆ ದಿನಗಳಲ್ಲೇ. ಮೊದಮೊದಲು ಬೇಕೆಂದೇ ಇಟ್ಟುಕೊಂಡ. ಕ್ರಮೇಣ ಅದು ತಾನಾಗಿಯೇ ಹೋಗಿ ಕೂತಿತು.

ಆಗ ಒಬ್ಬಳೇ ಒಬ್ಬಳು ಬೇರೆ ಮಾತು ಹೇಳಿದ್ದಳು. ಅದು ಅವನ ತಾಯಿ. ಮಗನ ಸುದ್ದಿ ಕೇಳಿ ಹಳ್ಳಿಯಿಂದ ಬಂದವಳು ಪುಟವನ್ನು ಬಹಳ ಹೊತ್ತು ನೋಡಿ, “ಇದು ನನ್ನ ಮಗ ಅಲ್ಲ ಬುಡಿ. ಅವನಂಗೇ ಅವ್ನೆ, ಆದ್ರೆ ಅವನಲ್ಲ” ಎಂದಳು. ಎಲ್ಲರೂ ನಕ್ಕರು. ಹೆತ್ತ ಕರುಳು ಹೀಗಲ್ಲದೆ ಇನ್ನೇನು ಹೇಳುತ್ತದೆ? ಚೆಲುವನಿಗೂ ನಗು ಬಂದಿತ್ತು. ಅವನ ಕಣ್ಣಿಗೆ ಆ ಚಿತ್ರ ದಿನಾ ಕನ್ನಡಿಯಲ್ಲಿ ಕಾಣುವ ತನ್ನ ಮುಖವೇ; ಹುಬ್ಬಿನ ಮೇಲೆ ಚಿನ್ನಿದಾಂಡಿನ ಪೆಟ್ಟಿನ ಗಾಯದ ಗುರುತೂ ಕನ್ನಡಿಯಲ್ಲಿ ಕಾಣುವ ಕಡೆಯೇ ಇತ್ತು.

ಇಷ್ಟೆಲ್ಲ ಆಗಿ ಒಂದು ತಲೆಮಾರು ಕಳೆದಿದೆ. ಚಾಮಯ್ಯನೂ ಇಲ್ಲ, ತಾಯಿಯೂ ಇಲ್ಲ. ಕಳೆದ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ, ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಅಂಗಡಿಯೊಳಗೆ ಬಂದಳು.

“ಚೆಲುವಯ್ಯ ಅಂಕಲ್ ಅಂದ್ರೆ ನೀವೇನಾ? ನಾನು ಲಹರಿ. ಫೋಟೋಗ್ರಾಫರ್ ಅಭಿರಾಮ ಅವರ ಮಗಳು. ಅಪ್ಪ ಹೋದ ಮೇಲೆ ಅವರ ಪುಸ್ತಕ ಎಲ್ಲೂ ಸಿಗ್ತಿರಲಿಲ್ಲ. ನಾವು ಮತ್ತೆ ಅಚ್ಚು ಹಾಕಿಸಿದ್ದೀವಿ. ನಿಮ್ಮನ್ನ ಹುಡುಕೋಕೆ ಇಡೀ ಮಾರ್ಕೆಟ್ ಸುತ್ತಿದೆ ಗೊತ್ತಾ? ಕೊನೆಗೆ ಒಬ್ಬರು ಹೂವಿನ ಅಜ್ಜ, ಎಡಚ ಚೆಲುವಾನಾ, ರಾಜೀವನಗರಕ್ಕೆ ಹೋಗಿ ಅಂದ್ರು.”

ಚೆಲುವಯ್ಯನವರ ಮುಖ ಸಣ್ಣದಾಯಿತು. ಅವಳು ಅದನ್ನು ಗಮನಿಸದೆ, ಚೀಲದಿಂದ ಪುಸ್ತಕ ತೆಗೆದು, ಡ್ರಮ್ಮಿನ ಮುಚ್ಚಳದ ಮೇಲಿಟ್ಟು ನಡುವಿನ ಪುಟ ಬಿಡಿಸಿದಳು. “ಇದರಲ್ಲಿ ಒಂದು ವಿಷಯ ಇದೆ ಅಂಕಲ್. ಹಳೇ ಪುಸ್ತಕದಲ್ಲಿ ನಿಮ್ಮ ಫೋಟೋ ತಿರುವುಮುರುವಾಗಿ ಅಚ್ಚಾಗಿತ್ತು. ಆಗೆಲ್ಲ ಫಿಲಂ ಅಲ್ವಾ, ಎರಡೂ ಕಡೆಯಿಂದ ನೋಡಬಹುದು. ಪ್ರೆಸ್ಸಿನವರು ಆ ಫಿಲಂ ತುಂಡನ್ನ ಹಿಂದುಮುಂದಾಗಿ ಇಟ್ಟುಬಿಟ್ಟಿದ್ದಾರೆ. ಮೇಲ್ಗಡೆ ನಿಮ್ಮ ಅಂಗಡಿ ಬೋರ್ಡ್ ಇತ್ತು; ಅದನ್ನೂ ಕತ್ತರಿಸಿದ್ರು. ಅದು ಇದ್ದಿದ್ರೆ ಅಕ್ಷರ ಉಲ್ಟಾ ಕಾಣಿಸಿ ಯಾರಿಗಾದ್ರೂ ಗೊತ್ತಾಗ್ತಿತ್ತು. ಈಗ ಪೂರ್ತಿ ಹಾಕಿದ್ದೀವಿ, ನೋಡಿ.”

ಚೆಲುವಯ್ಯನವರು ನೋಡಿದರು. ಮೇಲೆ ಮಾವನ ಕೈಬರಹದ ಹಲಗೆ: ‘ಅರಿಶಿನ ಕುಂಕುಮ’. ಅಕ್ಷರಗಳು ನೆಟ್ಟಗಿವೆ. ಕೆಳಗೆ ಗೋಪುರಗಳು. ಪೊಟ್ಟಣ ಹಿಡಿದ ಕೈ, ಅದು ಬಲಗೈ.

“ಇದು ನಾನಲ್ಲ ಕಣಮ್ಮ” ಎಂದರು ಮೆಲ್ಲಗೆ. ಮುಖ ಯಾಕೋ ಒಂದು ಕಡೆಗೆ ಸೊಟ್ಟಗಾದಂತಿತ್ತು. ಹುಬ್ಬಿನ ಗಾಯ ಇರಬಾರದ ಕಡೆ ಇತ್ತು.

ಒಳಗಿನಿಂದ ಕಾಫಿ ತಂದ ಯಶೋಧಮ್ಮ ಬಗ್ಗಿ ನೋಡಿದರು. “ಅಯ್ಯೋ, ಇದು ನೀವೇ ಕಣ್ರೀ! ಮದುವೆಯಾದ ಹೊಸದರಲ್ಲಿ ನಿಮ್ಮ ಮಾವ ತೋರಿಸಿದ್ರಲ್ಲ, ಆ ಹಳೇ ಪುಸ್ತಕದಲ್ಲೇ ಏನೋ ಥರ ಇದ್ರಿ. ನಾನು ಹೇಳಿರ್ಲಿಲ್ವಾ, ನಿಮ್ಮ ತಮ್ಮ ಇದ್ದಂಗೆ ಕಾಣುತ್ತೆ ಅಂತ? ಬೇಕಾದ್ರೆ ಬಚ್ಚಲು ಮನೆಗೆ ಹೋಗಿ ಕನ್ನಡಿ ನೋಡ್ಕೊಳ್ಳಿ, ಹುಬ್ಬು ಮುಟ್ಟಿ ನೋಡ್ಕೊಳ್ಳಿ.”

ಅವರು ಎದ್ದು ಹೋದರು. ಕನ್ನಡಿಯ ಮುಂದೆ ನಿಂತು ಬಲಗೈಯಿಂದ ಬಲಹುಬ್ಬನ್ನು ಮುಟ್ಟಿಕೊಂಡರು. ಗಾಯ ಅಲ್ಲೇ ಇತ್ತು. ಈಚೆಗೆ ಬಂದು ಪುಸ್ತಕ ನೋಡಿದರು. ಚಿತ್ರದಲ್ಲಿ ಕುಳಿತವನ ಬಲಹುಬ್ಬಿನ ಮೇಲೆ ಗಾಯ. ಕನ್ನಡಿಯಂತೆ ತೋರಿದ್ದರಿಂದಲೇ ಆ ಸುಳ್ಳು ಚಿತ್ರವನ್ನು ಅವರು ಇಷ್ಟು ವರ್ಷ ನಂಬಿದ್ದರು. ತಾಯಿ ದಿನವೂ ಎದುರಿನಿಂದ ನೋಡಿದವಳು. ಅವಳ ಕಣ್ಣಿಗೆ ಅದು ಸೇರಿರಲಿಲ್ಲ. ಅವನಂಗೇ ಅವ್ನೆ, ಆದ್ರೆ ಅವನಲ್ಲ.

ಚೆಲುವಯ್ಯನವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಸಿಟ್ಟು ಬರಬೇಕಿತ್ತು. ಯಾರ ಮೇಲೆ ಬರಬೇಕು? ಪ್ರೆಸ್ಸು ಯಾವುದೋ ದೇಶದಲ್ಲಿದೆ. ಅಭಿರಾಮ ತೀರಿಕೊಂಡಿದ್ದಾರೆ. ಕನ್ನಡದ ಒಂದಕ್ಷರವನ್ನೂ ಓದಲಾರದ ಯಾರೋ ಒಬ್ಬ ಪುಣ್ಯಾತ್ಮ, ಊಟಕ್ಕೆ ಹೊತ್ತಾಯಿತೆಂದು ಬೆರಳುದ್ದದ ಫಿಲಂ ತುಂಡನ್ನು ಮಗುಚಿ ಇಟ್ಟು ಎದ್ದುಹೋಗಿದ್ದಾನೆ.

“ಪುಸ್ತಕದ ಕೊನೇಲಿ ಇದರ ಬಗ್ಗೆ ಒಂದು ಸಾಲು ಹಾಕಿದ್ದೀವಿ ಅಂಕಲ್” ಎಂದಳು ಲಹರಿ, ಸಮಾಧಾನ ಹೇಳುವವಳಂತೆ. ಹೌದು, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ಹಿಂದಿನ ಮುದ್ರಣದಲ್ಲಿ ಈ ಚಿತ್ರ ತಿರುವುಮುರುವಾಗಿ ಅಚ್ಚಾಗಿತ್ತು, ಈಗ ಸರಿಪಡಿಸಲಾಗಿದೆ.

ಯಶೋಧಮ್ಮ ಆಗ ಇಡೀ ಕಥೆಯನ್ನು ಹುಡುಗಿಗೆ ಹೇಳಿದರು. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು. “ಅಂಕಲ್, ಬಿಡುಗಡೆ ಕಾರ್ಯಕ್ರಮಕ್ಕೆ ನೀವು ಬರಲೇಬೇಕು. ಸ್ಟೇಜ್ ಮೇಲೆ ಇದನ್ನೆಲ್ಲ ನೀವೇ ಹೇಳಬೇಕು. ಎಲ್ಲರಿಗೂ ಗೊತ್ತಾಗಲಿ” ಎಂದಳು. ಚೆಲುವಯ್ಯನವರು ಹೂಂ ಎಂದರು. ಆದರೆ ಎಲ್ಲರಿಗೂ ಗೊತ್ತಾಗುವುದು ಅವರಿಗೆ ಬೇಕಿರಲಿಲ್ಲ. ಗೊತ್ತಾಗಬೇಕಾದವರು ಒಂದೇ ಮನೆಯವರು.

ಇಷ್ಟು ವರ್ಷ ಅವರು ಲಕ್ಷ್ಮೀಪುರಂನಲ್ಲಿ ದೇವೀರಮ್ಮನ ಮನೆಯಿದ್ದ ಬೀದಿಯನ್ನು ತುಳಿದಿರಲಿಲ್ಲ. ಆ ಕಡೆ ಕೆಲಸವಿದ್ದರೂ ಸುತ್ತಿಕೊಂಡು ಹೋಗುತ್ತಿದ್ದರು. ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಲಹರಿ ಕೊಟ್ಟ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದರು. “ನಾನೂ ಬರ್ಲಾ?” ಎಂದು ಯಶೋಧಮ್ಮ ಕೇಳಿದ್ದಕ್ಕೆ, “ಬ್ಯಾಡ ಬುಡು. ಬೈಸಿಕೊಂಡೋನು ಒಬ್ಬನೇ, ಬಿಡಿಸಿಕೊಂಡು ಬರೋನೂ ಒಬ್ಬನೇ ಆಗ್ಲಿ” ಎಂದರು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟು ಬಲಗೈಯಿಂದ ಅದುಮಿ ಹಿಡಿದಿದ್ದರು.

ಹೆಂಚಿನ ಮನೆ, ಮುಂದೆ ಕಬ್ಬಿಣದ ಗೇಟು. ಜಗಲಿಯ ಮೇಲೆ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬರು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತ ಕೂತಿದ್ದರು.

“ಯಾರು ಬೇಕಿತ್ತು?”

“ನಾನಮ್ಮ... ಚೆಲುವಯ್ಯ. ಮಾರ್ಕೆಟ್ಟಿನಲ್ಲಿ, ಚಾಮಯ್ಯನ ಅಂಗಡೀಲಿ...”

ಅಂಬುಜಮ್ಮನ ಬೆರಳು ದಾರದ ಮೇಲೆ ನಿಂತಿತು. ಆಮೇಲೆ ಸೀರೆಯನ್ನು ಮಡಿಲಿನಿಂದ ಸರಿಸಿ, “ಬನ್ನಿ. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ” ಎಂದು ಒಳಗೆ ಕರೆದು, ನಡುಮನೆಯ ಕುರ್ಚಿ ತೋರಿಸಿ, ನೀರು ತಂದುಕೊಟ್ಟರು.

ಚೆಲುವಯ್ಯನವರು ಆಟೋದಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದರು. ಈಗ ಒಂದೂ ನೆನಪಾಗಲಿಲ್ಲ. ಪುಸ್ತಕ ತೆಗೆದು ಟೀಪಾಯಿಯ ಮೇಲೆ ಬಿಡಿಸಿಟ್ಟು, ಹುಡುಗಿ ಹೇಳಿದ್ದನ್ನು ತಡವರಿಸುತ್ತ ಹೇಳಿದರು: ಫಿಲಂ ತಿರುವಿದ್ದು, ಬೋರ್ಡ್ ಕತ್ತರಿಸಿದ್ದು. “ನೋಡಿ ತಾಯಿ, ಅಕ್ಷರ ನೆಟ್ಟಗೈತೆ. ನಾನು ಬಲಗೈಲೇ ಕೊಟ್ಟಿದ್ದೆ. ಬಲಗೈಲೇ.”

ಅಂಬುಜಮ್ಮ ಅವರ ಕೈಯನ್ನು ನೋಡಲಿಲ್ಲ. ಮೊದಲು ಚಿತ್ರದಲ್ಲಿದ್ದ ತಮ್ಮ ಕೈಯನ್ನು ನೋಡಿದರು. ಹಸಿರು ಬಳೆಗಳ ನಡುವಿನ ಚಿನ್ನದ ಬಳೆಯ ಮೇಲೆ ಬೆರಳಿಟ್ಟರು.

“ಇದನ್ನ ಬಲಗೈಗೆ ಹಾಕಿದ್ರು ಅವರು. ಜೊತೆಯದನ್ನ ಮುಂದಿನ ವರ್ಷ ಮಾಡಿಸ್ತೀನಿ ಅಂದಿದ್ರು” ಎಂದರು. “ಆ ಹಳೇ ಪುಸ್ತಕದಲ್ಲಿ ಬಳೆ ಎಡಗೈಲಿತ್ತು.”

“ಹೂಂ ತಾಯಿ, ಎಲ್ಲಾ ಉಲ್ಟಾ...” ಎನ್ನುತ್ತಿದ್ದವರು ಅಲ್ಲೇ ನಿಲ್ಲಿಸಿದರು. ಆಕೆಯ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ.

“ನನಗೆ ಆವತ್ತೇ ಅನುಮಾನ ಬಂದಿತ್ತು ಚೆಲುವಯ್ಯನೋರೇ” ಎಂದರು ಅಂಬುಜಮ್ಮ. ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅತ್ತೆ ನನ್ನನ್ನೂ ಎಳ್ಕೊಂಡು ಹೋಗಿ ಅದನ್ನ ತೋರಿಸಿದ್ರು. ಬಳೆ ನೋಡಿದೆ. ನನ್ನ ಬಳೆ ಆ ಕೈಲಿರಲಿಲ್ಲ ಅಂತ ನನಗೆ ಗೊತ್ತಿತ್ತು. ಏನೋ ತಪ್ಪಾಗಿದೆ ಅನ್ನಿಸ್ತು. ಬಾಯಿ ಬಿಡಲಿಲ್ಲ.”

“ಯಾಕೆ ತಾಯಿ?”

“ನಮ್ಮಕ್ಕನ ಗಂಡ ಮದುವೆಯಾದ ವರ್ಷವೇ ಹೋದ. ಕಾಲ್ಗುಣ ಸರಿಯಿಲ್ಲ ಅಂತ ಅವಳನ್ನ ಹದಿಮೂರನೇ ದಿನಕ್ಕೇ ತವರಿಗೆ ತಂದು ಬಿಟ್ರು. ತವರಲ್ಲೂ ಯಾರೂ ಅವಳನ್ನ ಒಂದು ಮದುವೆ ಮನೆಗೆ ಕರೀಲಿಲ್ಲ. ಕೊಟ್ಟಿಗೆ ಪಕ್ಕದ ಕೋಣೇಲೇ ಸತ್ತಳು. ನಮ್ಮೋರು ಹೋದಾಗ ಈ ಮನೇಲೂ ಆ ಮಾತು ಶುರುವಾಗಿತ್ತು. ಅತ್ತೆ ನನ್ನ ಮುಖ ನೋಡೋದು ಬಿಟ್ಟಿದ್ರು. ಅಷ್ಟರಲ್ಲಿ ಆ ಪುಸ್ತಕ ಬಂತು. ಅವತ್ತು ಮಾರ್ಕೆಟ್ಟಿಂದ ಬಂದೋರೇ ನನ್ನನ್ನ ತಬ್ಬಿಕೊಂಡು ಅತ್ತುಬುಟ್ರು. ನಿನ್ನ ತಪ್ಪಲ್ಲ ಕಣೇ ಮಗಳೇ, ಆ ಎಡಗೈಯಿಂದ ಆಯ್ತು ಅಂದ್ರು. ಅವತ್ತಿಂದ ಇವತ್ತಿನವರೆಗೆ ಮಗಳೇ ಅಂತಾನೇ ಕರೀತಾರೆ.”

ಬಳೆಯ ಮೇಲಿಟ್ಟ ಬೆರಳನ್ನು ತೆಗೆದು ಹೇಳಿದರು, “ಬೈಗುಳ ಎಲ್ಲಾದ್ರೂ ಬೀಳಲೇಬೇಕಿತ್ತು. ನಿಮ್ಮ ಮೇಲೆ ಬಿತ್ತು. ನಾನು ಸುಮ್ಮನಿದ್ದೆ. ನಿಮ್ಮನ್ನ ಅಂಗಡಿಯಿಂದ ಎಬ್ಬಿಸಿದ್ರು ಅಂತ ಕೇಳಿದಾಗಲೂ ಸುಮ್ಮನಿದ್ದೆ.”

ಚೆಲುವಯ್ಯನವರು ಚಿತ್ರವನ್ನು ನೋಡಿದರು. ಹಸಿರು ಬಳೆಯ ಆ ಎರಡು ಕೈಗಳು ತಮ್ಮೆದುರು ಬೊಗಸೆಯೊಡ್ಡಿದ್ದವು. ತಾವು ಕೊಟ್ಟದ್ದು ಒಂದು ಪೊಟ್ಟಣ ಕುಂಕುಮವೆಂದೇ ತಿಳಿದಿದ್ದರು. ಈಕೆ ತೆಗೆದುಕೊಂಡದ್ದು ಅಷ್ಟೇ ಆಗಿರಲಿಲ್ಲ. ಬಯ್ಯೋಣವೆಂದರೆ ಬಾಯಿಗೆ ಮಾತು ಬರಲಿಲ್ಲ. ಕ್ಷಮಿಸೋಣವೆಂದರೆ ಮನಸ್ಸು ಅಷ್ಟು ಬೇಗ ಏಳಲಿಲ್ಲ.

“ಈಗ ತೋರಿಸಿದ್ರೆ ಏನಾದೀತು ತಾಯಿ? ಇಷ್ಟು ವರ್ಷ ಆದ ಮೇಲೆ ನಿಮ್ಮನ್ನ ಮನೆಯಿಂದ ಕಳಿಸ್ತಾರಾ?” ಎಂದಷ್ಟೇ ಕೇಳಿದರು.

“ಕಳಿಸೋಕೆ ಅವರು ಹಾಸಿಗೆಯಿಂದ ಏಳಬೇಕಲ್ಲ” ಎಂದು ಅಂಬುಜಮ್ಮ ಸಣ್ಣಗೆ ನಕ್ಕರು. “ತೊಂಬತ್ತಾಗಿದೆ. ದಿನಾ ನಾನೇ ತುತ್ತು ಕೊಡೋದು. ಎಡಗೈ ಅಲ್ಲ ಅಂತ ಗೊತ್ತಾದ್ರೆ, ಹಂಗಾದ್ರೆ ನನ್ನ ಮಗ ಯಾಕೆ ಹೋದ ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಬಾಯಲ್ಲಿ ಏನೂ ಅನ್ನಲಿಕ್ಕಿಲ್ಲ. ಆದ್ರೆ ತುತ್ತು ತಗೊಳ್ಳೋವಾಗ ನನ್ನ ಮುಖ ನೋಡ್ತಾರಲ್ಲ, ಆ ನೋಟ...” ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನೀವು ತೋರಿಸ್ತೀನಿ ಅಂದ್ರೆ ನಾನು ಬೇಡ ಅನ್ನೋಲ್ಲ. ಅನ್ನೋ ಬಾಯಿಲ್ಲ ನನಗೆ. ನಿಮ್ಮದು ನ್ಯಾಯ.”

ಆಗಲೇ ಒಳಕೋಣೆಯಿಂದ ಕೆಮ್ಮು ಕೇಳಿಸಿತು. “ಯಾರೇ ಅಂಬುಜಾ? ಯಾರ್ ಜೊತೆ ಮಾತಾಡ್ತಿದ್ದೀಯೆ?”

ಚೆಲುವಯ್ಯನವರು ಎದ್ದರು. ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಕೋಣೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಯಾಕೋ ಅದನ್ನು ಮತ್ತೆ ಚೀಲಕ್ಕೆ ಹಾಕಿದ್ದರು.

ಮಂಚದ ಮೇಲೆ ದೇವೀರಮ್ಮ ಹಿಡಿಯಷ್ಟಾಗಿ ಮಲಗಿದ್ದರು. ಮಾರುಕಟ್ಟೆಯನ್ನೇ ನಡುಗಿಸಿದ ದನಿ ಬೆಕ್ಕಿನ ಮರಿಯದರಂತಾಗಿತ್ತು.

“ಯಾರಪ್ಪಾ?”

“ಚೆಲುವ ಕಣಮ್ಮ. ಕುಂಕುಮದ ಅಂಗಡೀಯೋನು.”

“ಎಡಚಾ?”

“ಹೂಂ ಕಣಮ್ಮ.”

ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. “ನೀನೂ ಮುದ್ಕ ಆಗ್ಬುಟ್ಟಿದ್ದೀಯ” ಎಂದರು. “ಆವತ್ತು ಅಷ್ಟು ಬೈದೆ, ನಿನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಒಂದೊಂದ್ ಸಲ ಅನ್ಸುತ್ತೆ, ನಾನೇ ಸರ್ಯಾಗಿ ನೋಡ್ಲಿಲ್ವೇನೋ ಅಂತ. ನಿಜ ಹೇಳು. ಯಾವ ಕೈಲಿ ಕೊಟ್ಟೆ?”

ಈ ಪ್ರಶ್ನೆಗಾಗಿಯೇ ಅವರು ಬಂದಿದ್ದರು. ಉತ್ತರ ಚೀಲದಲ್ಲಿತ್ತು, ಅದರ ಭಾರಕ್ಕೆ ಬೆರಳುಗಳು ನೋಯುತ್ತಿದ್ದವು. ಹಿಂದಿರುಗಿ ನೋಡಿದರು. ಅಂಬುಜಮ್ಮ ಬಾಗಿಲ ಬಳಿ ನಿಂತು, ಸೆರಗಿಗೆ ಅಂಟಿದ್ದ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ತಲೆ ಎತ್ತಲಿಲ್ಲ.

“ಎಡಗೈಲೇ ಅಮ್ಮ” ಎಂದರು ಚೆಲುವಯ್ಯನವರು.

“ಬೇಕು ಅಂತಾನಾ?”

“ಇಲ್ಲಮ್ಮ. ಹಬ್ಬದ ಗಲಾಟೇಲಿ ಮರೆತುಬುಟ್ಟೆ.”

ದೇವೀರಮ್ಮ ದೀರ್ಘವಾಗಿ ಉಸಿರುಬಿಟ್ಟರು. “ಓಗ್ಲಿ ಬುಡು. ಚಿಕ್ಕ ವಯಸ್ಸು, ಮರೆತೆ. ನಾನೂ ಬಾಳ ಬೈದುಬುಟ್ಟೆ. ಕ್ಷಮಿಸ್ದೆ ಕಣೋ, ಓಗು. ಅಂಬುಜಾ, ಮಗಳೇ, ಅವನಿಗೊಂದು ಲೋಟ ಕಾಫಿ ಕೊಡೇ.”

ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆಯನ್ನು ಹೊತ್ತುಕೊಂಡು ಚೆಲುವಯ್ಯನವರು ನಡುಮನೆಗೆ ಬಂದು ಕಾಫಿ ಕುಡಿದರು. ಅಂಬುಜಮ್ಮ ಗೇಟಿನವರೆಗೆ ಬಂದು ಕೈಮುಗಿದರು. ಇವರ ಬಲಗೈಯಲ್ಲಿ ಚೀಲ. ಎಡಗೈ ಬೆನ್ನ ಹಿಂದೆ. ತಲೆಯಾಡಿಸಿ ಹೊರಟರು.

“ತೋರಿಸಿದ್ರಾ?” ಎಂದು ಯಶೋಧಮ್ಮ ಕೇಳಿದಾಗ “ತೋರಿಸ್ದೆ” ಎಂದರು. ಅದು ಅರ್ಧ ನಿಜ. “ಏನಂದ್ರು?” ಎಂದದ್ದಕ್ಕೆ “ಕ್ಷಮಿಸಿದ್ರು” ಎಂದರು. ಅದು ಪೂರಾ ನಿಜ. “ಕ್ಷಮಿಸೋದೇನು ಬಂತು? ಕ್ಷಮೆ ಅವರು ಕೇಳಬೇಕಿತ್ತು!” ಎಂದು ಯಶೋಧಮ್ಮ ರೇಗಿದರು. ಚೆಲುವಯ್ಯನವರು ಬಕೆಟ್ಟುಗಳನ್ನು ಜೋಡಿಸತೊಡಗಿದರು.

ಬಿಡುಗಡೆಯ ದಿನ ಲಹರಿ ಕಾರು ಕಳಿಸಿದಳು. ಒಪ್ಪಿಕೊಂಡ ಮಾತು, ಹೋಗದೆ ವಿಧಿಯಿರಲಿಲ್ಲ. ಸಭಾಂಗಣದ ಗೋಡೆಯ ಮೇಲೆ ಅವರ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಹಾಕಿದ್ದರು. ಎಲ್ಲರೂ ಆ ಕೆಂಪನ್ನು ಹೊಗಳಿದರು. ಲಹರಿ ವೇದಿಕೆಗೆ ಕರೆದು ಮೈಕು ಕೊಟ್ಟಳು. “ಅಂಕಲ್ ಒಂದು ಕಥೆ ಹೇಳ್ತಾರೆ” ಎಂದಳು. ಇಷ್ಟು ಜನ ತಮ್ಮ ಮಾತಿಗೆ ಕಾದು ಕೂತದ್ದನ್ನು ಚೆಲುವಯ್ಯನವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರ ಕಿವಿಯಿಂದ ಯಾರ ಬಾಯಿಗೆ ಹೋಗಿ ಈ ಮಾತು ಲಕ್ಷ್ಮೀಪುರಂ ಮುಟ್ಟುವುದೋ ಎಂದುಕೊಂಡರು.

“ಫೋಟೋ ಚೆನ್ನಾಗೈತೆ” ಎಂದರು. “ಆ ಗೋಪುರ ಕಟ್ಟಿದ್ದು ನಾನೇ.”

ಜನ ಚಪ್ಪಾಳೆ ತಟ್ಟಿದರು. ಲಹರಿ ಮಾತ್ರ ಅರ್ಥವಾಗದೆ ಅವರ ಮುಖ ನೋಡಿದಳು. ಸಭಾಕಂಪವಿರಬೇಕೆಂದುಕೊಂಡು ಸುಮ್ಮನಾದಳು. ಆಮೇಲೆ ಮೊದಲ ಪ್ರತಿಯನ್ನು ಅತಿಥಿಗಳಿಗೆ ಕೊಡಲೆಂದು ಚೆಲುವಯ್ಯನವರ ಕೈಗಿತ್ತಳು. ಪೇಪರಿನ ಫೋಟೋದವರು ಮುಂದೆ ಬಂದು ನಿಂತರು.

“ಸರ್, ಎರಡೂ ಕೈಲಿ ಹಿಡ್ಕೊಳ್ಳಿ ಸರ್. ಪುಸ್ತಕ ಜಾರುತ್ತೆ. ಆ ಕೈನೂ ಮುಂದೆ ತನ್ನಿ.”

ಭಾರವಾದ ಪುಸ್ತಕ ಬಲಗೈಯಿಂದ ಜಾರತೊಡಗಿತ್ತು. ತರಬಾರದೆಂದು ಅವರಿಗೇನೂ ಇರಲಿಲ್ಲ; ನಿಜವಾಗಿಯೂ ತರಲು ನೋಡಿದರು. ಎಡಗೈ ಬೆನ್ನ ಹಿಂದಿನಿಂದ ಬರಲಿಲ್ಲ.

“ಆ ಕೈ ಸರ್, ಆ ಕೈ” ಎಂದು ಫೋಟೋದವರು ಕೂಗುತ್ತಲೇ ಇದ್ದರು.